ತಣ್ಣೀರಲ್ಲಿ ಕಯಾಕ್ ಮೀನುಗಾರಿಕೆ: ಪ್ಯೂಜೆಟ್ ಸೌಂಡ್‌ಗೆ ಇಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಕೆಲಸಕ್ಕೆ ಬಂದ ನಮ್ಮವರಲ್ಲಿ ಕಯಾಕ್ ಕೊಂಡು ಸಾಲ್ಮನ್ ಹಿಡಿಯಲು ಹೋಗುವವರೂ ಇದ್ದಾರೆ. ಖುಷಿಯ ಹವ್ಯಾಸ ಇದು. ಎಂಜಿನ್ ಸದ್ದಿಲ್ಲ, ಪೆಟ್ರೋಲ್ ಖರ್ಚಿಲ್ಲ, ದಡದಿಂದ ಸ್ವಲ್ಪವೇ ದೂರದಲ್ಲಿ ಒಳ್ಳೆಯ ಮೀನು ಸಿಗುತ್ತದೆ. ಆದರೆ ಇಲ್ಲಿನ ನೀರು ನಮ್ಮ ಮೈಗೆ ಪರಿಚಯವಿರುವ ನೀರಲ್ಲ. ಮಲ್ಪೆ, ಕಾರವಾರದ ಸಮುದ್ರ ವರ್ಷದ ಬಹುಪಾಲು 27ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸಿಯಾಟಲ್ ಪಕ್ಕದಲ್ಲಿ ಒಳನಾಡಿಗೆ ಚಾಚಿಕೊಂಡಿರುವ ಸಮುದ್ರವಾದ ಪ್ಯೂಜೆಟ್ ಸೌಂಡ್‌ನ ನೀರು ಸುಮಾರು 7ರಿಂದ 13 ಡಿಗ್ರಿ, ಅಂದರೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ 45ರಿಂದ 55. ಈ ವ್ಯತ್ಯಾಸ ಏನು ಮಾಡುತ್ತದೆ, ಅದಕ್ಕೆ ಹೇಗೆ ಸಜ್ಜಾಗಬೇಕು ಅನ್ನುವುದರ ಬಗ್ಗೆ ಹೊಸಬರೂ ಅವರ ಮನೆಯವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನನಗೆ ಚಿಕ್ಕಂದಿನಿಂದ ಈಜು ಬರುತ್ತೆ. ಬಾವಿ, ಕೆರೆ, ಹೊಳೆ ಎಲ್ಲದರಲ್ಲೂ ಈಜಿದ್ದೇನೆ. ಆದರೂ ಇಷ್ಟೆಲ್ಲ ತಯಾರಿ ಬೇಕಾ?

ಬೇಕು. ತಣ್ಣೀರಿನಲ್ಲಿ ಸಾಯುವವರಲ್ಲಿ ಒಳ್ಳೆಯ ಈಜುಗಾರರೂ ಇರುತ್ತಾರೆ. ಈಜಲು ಎರಡು ಬೇಕು: ಉಸಿರು ಹಿಡಿತದಲ್ಲಿರಬೇಕು, ಕೈಕಾಲು ಹೇಳಿದಂತೆ ಕೇಳಬೇಕು. 10 ಡಿಗ್ರಿ ನೀರು ಮೊದಲ ನಿಮಿಷದಲ್ಲೇ ಉಸಿರಿನ ಹಿಡಿತ ತಪ್ಪಿಸುತ್ತದೆ, ಆಮೇಲಿನ ಹತ್ತು ನಿಮಿಷದಲ್ಲಿ ಕೈಕಾಲಿನ ಬಲ ಕಿತ್ತುಕೊಳ್ಳುತ್ತದೆ. ಈಜು ಬರುವವರಿಗೂ ಬಾರದವರಿಗೂ ಇದು ಒಂದೇ. ಈಜು ಬರುವುದು ಒಳ್ಳೆಯದೇ, ಗಾಬರಿ ಕಡಿಮೆ ಇರುತ್ತದೆ. ಆದರೆ ಅದನ್ನು ನಂಬಿಕೊಂಡು ಲೈಫ್ ಜಾಕೆಟ್ ಇಲ್ಲದೆ ಹೊರಡಬೇಡಿ.

ನೀರಿಗೆ ಬಿದ್ದಾಗ ಮೈಯಲ್ಲಿ ನಿಜವಾಗಿ ಏನಾಗುತ್ತದೆ?

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂದು ಸುಲಭವಾಗಿ ಹೇಳಿಕೊಟ್ಟಿದ್ದಾರೆ. ಹೆಚ್ಚುಕಡಿಮೆ ಮಂಜುಗಡ್ಡೆಯಷ್ಟು ತಣ್ಣಗಿರುವ ನೀರಿನಲ್ಲೇ ತಾವೇ ಇಳಿದು ಪ್ರಯೋಗ ಮಾಡಿದವರು ಅವರು.

ಮೊದಲ 1 ಅಂದರೆ ಒಂದು ನಿಮಿಷ. ಚರ್ಮ ಇದ್ದಕ್ಕಿದ್ದಂತೆ ತಣ್ಣಗಾದಾಗ ಮೈ ತಾನಾಗಿ ಜೋರಾಗಿ ಉಸಿರೆಳೆದುಕೊಳ್ಳುತ್ತದೆ. ನಾವು ಬೇಡ ಅಂದರೂ ನಿಲ್ಲುವುದಿಲ್ಲ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ನೀರು ಹೋಗುತ್ತದೆ. ಹಿಂದೆಯೇ ಏದುಸಿರು ಶುರುವಾಗುತ್ತದೆ, ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ದಡದಲ್ಲಿ ನಿಂತು ಒಂದು ನಿಮಿಷ ಉಸಿರು ಕಟ್ಟಬಲ್ಲವರೂ ಇಲ್ಲಿ ಕೆಲವೇ ಸೆಕೆಂಡಿಗೆ ಸೋಲುತ್ತಾರೆ. ಇದಕ್ಕೆ ಕೋಲ್ಡ್ ಶಾಕ್ ಅನ್ನುತ್ತಾರೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. 10ರಿಂದ 15 ಡಿಗ್ರಿ ನೀರೇ ಇದನ್ನು ಪೂರ್ತಿ ಜೋರಿನಲ್ಲಿ ತರಲು ಸಾಕು. ಪ್ಯೂಜೆಟ್ ಸೌಂಡ್ ಬಹುಪಾಲು ಅದಕ್ಕಿಂತ ತಣ್ಣಗಿರುತ್ತದೆ, ಅಥವಾ ಅಷ್ಟೇ ಇರುತ್ತದೆ.

ನಡುವಿನ 10 ಅಂದರೆ ಹತ್ತು ನಿಮಿಷ. ಮೈ ತನ್ನ ಬಿಸಿಯನ್ನು ಎದೆ, ಹೊಟ್ಟೆಯ ಕಡೆ ಉಳಿಸಿಕೊಳ್ಳಲು ಕೈಕಾಲಿಗೆ ರಕ್ತ ಕಡಿಮೆ ಮಾಡುತ್ತದೆ. ಬೆರಳು ಮರಗಟ್ಟುತ್ತದೆ. ಜಿಪ್ ಎಳೆಯಲು, ಬಕಲ್ ಹಾಕಲು, ಫೋನಿನ ಪರದೆ ಒತ್ತಲು ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ತೋಳೂ ಸೋಲುತ್ತದೆ. ಕಯಾಕ್‌ಗೆ ಮತ್ತೆ ಹತ್ತುವ ಶಕ್ತಿ ಇರುವುದು ಈ ಹೊತ್ತಿನಲ್ಲಿ ಮಾತ್ರ.

ಕೊನೆಯ 1 ಅಂದರೆ ಒಂದು ಗಂಟೆ. ಹೈಪೊಥರ್ಮಿಯಾದಿಂದ, ಅಂದರೆ ಮೈಯೊಳಗಿನ ಬಿಸಿ ಇಳಿದು ಎಚ್ಚರ ತಪ್ಪಲು ಸುಮಾರು ಅಷ್ಟು ಹೊತ್ತು ಬೇಕು. ಜನ ಹೆದರುವುದು ಈ ಹೈಪೊಥರ್ಮಿಯಾಕ್ಕೆ. ಆದರೆ ಲೈಫ್ ಜಾಕೆಟ್ ಇಲ್ಲದ ಬಹಳ ಮಂದಿ ಆ ಹಂತದವರೆಗೂ ಉಳಿಯುವುದಿಲ್ಲ. ಮೊದಲ ನಿಮಿಷಗಳಲ್ಲೇ ಮುಳುಗುತ್ತಾರೆ.

ಈ ಅಂಕಿಗಳು ಎಲ್ಲರಿಗೂ ಗಡಿಯಾರದಂತೆ ಹೊಂದುವುದಿಲ್ಲ. ಮೈಕಟ್ಟು, ಬಟ್ಟೆ, ಅಲೆ, ನೀರಿನ ತಂಪು ಎಲ್ಲ ಲೆಕ್ಕಕ್ಕೆ ಬರುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ ಮಾತ್ರ ಎಲ್ಲರಿಗೂ ಇದೇ. ಮುಂದೆ ಹೇಳಿರುವ ಪ್ರತಿ ಸಲಹೆಯೂ ಈ ಕ್ರಮದ ಮೇಲೆಯೇ ನಿಂತಿದೆ.

ಸರಿ, ಬಿದ್ದೇಬಿಟ್ಟೆ. ಮೊದಲು ಏನು ಮಾಡಲಿ?

ಉಸಿರಾಡಿ. ಅಷ್ಟೇ. ಮೊದಲ ಒಂದು ನಿಮಿಷ ಬೇರೆ ಯಾವ ಕೆಲಸಕ್ಕೂ ಹೋಗಬೇಡಿ. ಕಯಾಕ್ ಅಥವಾ ಅದರ ಹಗ್ಗ ಒಂದು ಕೈಯಲ್ಲಿ ಹಿಡಿದುಕೊಳ್ಳಿ, ಮುಖ ಮೇಲಿಡಿ, ಏದುಸಿರು ಇಳಿಯುವವರೆಗೆ ತೇಲಿ. ಬ್ರಿಟನ್ನಿನ ಜೀವರಕ್ಷಕ ಸಂಸ್ಥೆ ಆರ್‌ಎನ್‌ಎಲ್‌ಐ ಕೂಡ ಹೇಳುವುದು ಇದನ್ನೇ: ಮೊದಲು ತೇಲಿ, ಆಮೇಲೆ ಉಳಿದದ್ದು. ಬಿದ್ದ ರಾಡ್, ತೇಲಿ ಹೋಗುತ್ತಿರುವ ಡಬ್ಬಿ, ಟೋಪಿ ಎಲ್ಲ ಹೋಗಲಿ ಬಿಡಿ.

ಉಸಿರು ಹಿಡಿತಕ್ಕೆ ಬಂದ ತಕ್ಷಣ ಕಯಾಕ್ ಹತ್ತಲು ನೋಡಿ. ಎರಡು ಸಲ ಪ್ರಯತ್ನಿಸಿ ಆಗಲಿಲ್ಲ ಅಂದರೆ ಕೂಡಲೇ ರೇಡಿಯೋದಲ್ಲಿ ಸಹಾಯ ಕೇಳಿ. ಕೈ ಕೆಲಸ ಮಾಡುತ್ತಿರುವಾಗಲೇ ಕೇಳಬೇಕು. ಇನ್ನೊಮ್ಮೆ ನೋಡೋಣ, ಇನ್ನೊಮ್ಮೆ ನೋಡೋಣ ಅಂತ ಹತ್ತು ನಿಮಿಷ ಕಳೆದರೆ ಗುಂಡಿ ಒತ್ತುವ ಬೆರಳೇ ಇರುವುದಿಲ್ಲ.

ಕಯಾಕ್ ಬಿಟ್ಟು ದಡಕ್ಕೆ ಈಜಲು ಹೊರಡಬೇಡಿ. ದಡ ಕಾಣುವುದಕ್ಕಿಂತ ದೂರ ಇರುತ್ತದೆ, ಸೆಳೆತ ಬೇರೆ. ಹುಡುಕುವವರಿಗೆ ನೀರಲ್ಲಿ ತಲೆಯೊಂದು ಕಾಣುವುದು ಬಹಳ ಕಷ್ಟ, ಹನ್ನೆರಡು ಅಡಿಯ ಕಯಾಕ್ ಕಾಣುತ್ತದೆ. ಹತ್ತಲು ಆಗದಿದ್ದರೆ ಮೈಯ ಎಷ್ಟು ಭಾಗವನ್ನು ಕಯಾಕ್ ಮೇಲೆ ಎಳೆದುಕೊಳ್ಳಲು ಆಗುತ್ತದೋ ಅಷ್ಟು ಎಳೆದುಕೊಳ್ಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಬಿಸಿ ಕದಿಯುತ್ತದೆ. ಅರ್ಧ ಮೈ ಹೊರಗಿದ್ದರೂ ಲಾಭವೇ. ಕಯಾಕ್ ಕೈತಪ್ಪಿ ಹೋಗಿದ್ದರೆ ಮಂಡಿಯನ್ನು ಎದೆಗೆ ಮಡಚಿ, ತೋಳನ್ನು ಮೈಗೆ ಒತ್ತಿ ಮುದುಡಿಕೊಂಡು ತೇಲಿ. ಇಬ್ಬರಿದ್ದರೆ ಅಪ್ಪಿಕೊಂಡು ತೇಲಿ.

ಆಗಸ್ಟ್‌ನಲ್ಲಿ ಹೊರಗೆ 30 ಡಿಗ್ರಿ ಬಿಸಿಲು. ಆಗಲೂ ಡ್ರೈಸೂಟ್ (ನೀರು ಒಳಗೆ ಬಾರದ ಉಡುಪು) ಹಾಕಬೇಕಾ?

ನೀರಿನ ತಂಪು ನೋಡಿ ಬಟ್ಟೆ ಹಾಕಬೇಕು, ಹೊರಗಿನ ಬಿಸಿಲು ನೋಡಿ ಅಲ್ಲ. ಸೌಂಡ್‌ನ ಆಳವಾದ ಭಾಗ ಆಗಸ್ಟ್‌ನಲ್ಲೂ ಅಂಥಾ ಬೆಚ್ಚಗೇನೂ ಆಗುವುದಿಲ್ಲ. ತಗ್ಗಾದ ಕೊಲ್ಲಿಗಳು ಸ್ವಲ್ಪ ಬಿಸಿಯಾಗುತ್ತವೆ, ಆದರೆ ಸಾಲ್ಮನ್ ಇರುವುದು ಅಲ್ಲಲ್ಲ. ಬೆಸ ವರ್ಷಗಳಲ್ಲಿ ಪಿಂಕ್ ಸಾಲ್ಮನ್ ಬರುವುದು, ಅದರ ಹಿಂದೆ ಕೋಹೋ ಅನ್ನುವ ಇನ್ನೊಂದು ಜಾತಿಯ ಸಾಲ್ಮನ್ ಬರುವುದು ಬೇಸಿಗೆಯ ಕೊನೆಯಲ್ಲಿ. ಹವೆ ಚೆನ್ನಾಗಿರುವ ಆ ದಿನಗಳಲ್ಲೇ ಜನ ಟೀ ಶರ್ಟು, ಚಡ್ಡಿಯಲ್ಲಿ ಇಳಿಯುತ್ತಾರೆ. ನನಗೆ ಚಳಿಗಾಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವ ದಿನಗಳು ಇವೇ. ಮೇ, ಜೂನ್ ಇನ್ನೂ ಅಪಾಯ. ಬಿಸಿಲು ಬಂದಿರುತ್ತದೆ, ನೀರು ಇನ್ನೂ ಚಳಿಗಾಲದ್ದೇ.

ಸೆಕೆ ಆದರೆ ಕೈಯಿಂದ ನೀರು ಎರಚಿಕೊಳ್ಳಿ, ಟೋಪಿ ನೆನೆಸಿಕೊಳ್ಳಿ, ಒಳಗಿನ ಪದರ ಕಡಿಮೆ ಮಾಡಿ. ಪಕ್ಕದಲ್ಲೇ ತಣ್ಣೀರಿರುವಾಗ ಸೆಕೆಗೆ ಪರಿಹಾರ ಸುಲಭ.

ಡ್ರೈಸೂಟ್ ಒಳ್ಳೆಯದಾ, ವೆಟ್‌ಸೂಟ್ ಸಾಕಾ?

ವೆಟ್‌ಸೂಟ್ ನಿಯೋಪ್ರೀನ್ ರಬ್ಬರಿನದ್ದು. ಮೈಗೆ ಅಂಟಿಕೊಂಡು, ಒಳಗೆ ಬಂದ ತೆಳು ನೀರಿನ ಪದರವನ್ನು ಬೆಚ್ಚಗೆ ಹಿಡಿದಿಡುತ್ತದೆ. 3 ಮಿಲಿಮೀಟರಿನ, ತೋಳಿಲ್ಲದ ಫಾರ್ಮರ್ ಜಾನ್ ಅನ್ನುವ ನಮೂನೆಯ ಬೆಲೆ ನೂರು, ಇನ್ನೂರು ಡಾಲರಿನ ಆಸುಪಾಸು. ಮೇಲೆ ಪ್ಯಾಡ್ಲಿಂಗ್ ಜಾಕೆಟ್ ಹಾಕಿಕೊಂಡರೆ ಬೇಸಿಗೆಯಲ್ಲಿ ದಡದ ಹತ್ತಿರ ಇರುವವರಿಗೆ ನಡೆಯುತ್ತದೆ. ಕೋಲ್ಡ್ ಶಾಕ್ ಸ್ವಲ್ಪ ಕಡಿಮೆಯಾಗುತ್ತದೆ, ಹತ್ತು ನಿಮಿಷ ಇದ್ದದ್ದು ಹಿಗ್ಗುತ್ತದೆ.

ಡ್ರೈಸೂಟ್‌ನಲ್ಲಿ ಕತ್ತು, ಮಣಿಕಟ್ಟಿನ ಹತ್ತಿರ ಲ್ಯಾಟೆಕ್ಸ್ ಅಥವಾ ನಿಯೋಪ್ರೀನ್ ಪಟ್ಟಿ ಇರುತ್ತದೆ, ನೀರು ಒಳಗೆ ಬರುವುದಿಲ್ಲ. ಕೋಕಟ್ಯಾಟ್, ಎನ್‌ಆರ್‌ಎಸ್ ಇಲ್ಲಿ ಹೆಚ್ಚಾಗಿ ಕಾಣುವ ಬ್ರಾಂಡುಗಳು. ಬೆವರು ಹೊರಹೋಗುವ ಬಟ್ಟೆಯದ್ದಾದರೆ ಸಾವಿರ ಡಾಲರಿನ ಆಚೀಚೆ ಆಗುತ್ತದೆ. ದುಬಾರಿ ನಿಜ. ಆದರೆ ಮೂರು ಸಾವಿರ ಡಾಲರಿನ ಪೆಡಲ್ ಕಯಾಕ್, ಐನೂರು ಡಾಲರಿನ ಫಿಶ್ ಫೈಂಡರ್ ಕೊಂಡು ಡ್ರೈಸೂಟ್ ಆಮೇಲೆ ನೋಡೋಣ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಹಳೆಯ ಕಯಾಕ್ ಕೊಳ್ಳಿ, ಫೈಂಡರ್ ಮುಂದಿನ ವರ್ಷಕ್ಕೆ ಇಡಿ, ಸೂಟ್ ಮೊದಲು ಕೊಳ್ಳಿ. ಸೆಕೆಂಡ್ ಹ್ಯಾಂಡ್ ಡ್ರೈಸೂಟ್ ಕೂಡ ಸಿಗುತ್ತದೆ. ಕತ್ತಿನ ಪಟ್ಟಿ ಬಿರುಕು ಬಿಟ್ಟಿದೆಯಾ, ಜಿಪ್ ಹಲ್ಲು ಸರಿಯಿದೆಯಾ ನೋಡಿಕೊಳ್ಳಿ. ಪಟ್ಟಿ ಬದಲಿಸಬಹುದು, ಜಿಪ್ ಬದಲಿಸುವುದು ಖರ್ಚಿನ ಕೆಲಸ.

ಹಾಕಿಕೊಂಡ ಮೇಲೆ ಎರಡು ಕೆಲಸ ಮರೆಯಬೇಡಿ. ಜಿಪ್ ಪೂರ್ತಿ ಮುಚ್ಚಿದೆಯೇ ಅಂತ ಜೊತೆಯವರಿಂದ ನೋಡಿಸಿ. ಎರಡು ಇಂಚು ತೆರೆದಿದ್ದರೂ ಸೂಟಿನೊಳಗೆ ನೀರು ತುಂಬುತ್ತದೆ. ಆಮೇಲೆ ಕತ್ತಿನ ಪಟ್ಟಿಯನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ ಕುಕ್ಕರುಗಾಲಲ್ಲಿ ಕೂತು ಒಳಗಿನ ಗಾಳಿ ಹೊರಗೆ ಹಾಕಿ.

ಡ್ರೈಸೂಟ್ ಒಳಗೆ ಏನು ಹಾಕಿಕೊಳ್ಳಬೇಕು?

ಸೂಟ್ ನೀರನ್ನು ತಡೆಯುತ್ತದೆ, ಬಿಸಿ ಕೊಡುವುದಿಲ್ಲ. ಬಿಸಿ ಕೊಡುವುದು ಒಳಗಿನ ಉಣ್ಣೆ ಅಥವಾ ಫ್ಲೀಸ್. ಹತ್ತಿ ಬಟ್ಟೆ, ಜೀನ್ಸ್ ಬೇಡವೇ ಬೇಡ. ಬೆವರಿಗೆ ನೆನೆದರೂ ತಣ್ಣಗಾಗುತ್ತದೆ. ಚಳಿಗಾಲದಲ್ಲಿ ಎರಡು ಪದರ, ಬೇಸಿಗೆಯಲ್ಲಿ ಒಂದು ತೆಳು ಪದರ. ಉಣ್ಣೆ ಟೋಪಿ ಅಥವಾ ನಿಯೋಪ್ರೀನ್ ಟೋಪಿ ಇರಲಿ. ಕೈಗೆ ನಿಯೋಪ್ರೀನ್ ಗ್ಲೌಸ್ ಜೊತೆಗಿಟ್ಟುಕೊಳ್ಳಿ. ಗ್ಲೌಸ್ ಹಾಕಿ ಗಂಟು ಕಟ್ಟುವುದು ಕಷ್ಟ ಅಂತ ಎಲ್ಲರೂ ತೆಗೆದಿಡುತ್ತಾರೆ. ಬೆರಳ ತುದಿ ತೆರೆದಿರುವ ಗ್ಲೌಸ್ ಸಿಗುತ್ತದೆ, ಗಾಳ ಕಟ್ಟಲು ಅದು ಅನುಕೂಲ.

ನದಿಯಲ್ಲಿ ನಿಂತು ಮೀನು ಹಿಡಿಯಲು ಕೊಂಡ ವೇಡರ್ಸ್, ಅಂದರೆ ಎದೆಯವರೆಗೆ ಬರುವ ನೀರು ಹೋಗದ ಪ್ಯಾಂಟ್ ಇದೆ. ಅದನ್ನೇ ಹಾಕಿಕೊಂಡರೆ ಆಗಲ್ವಾ?

ನನ್ನ ಸಲಹೆ, ಬೇಡ. ವೇಡರ್ಸ್ ಮೇಲಿನಿಂದ ತೆರೆದಿರುತ್ತದೆ. ನೀರು ತುಂಬಿದರೆ ಕೆಳಕ್ಕೆ ಎಳೆಯುತ್ತದೆ ಅನ್ನುವ ಮಾತು ಪೂರ್ತಿ ನಿಜವಲ್ಲ. ನೀರೊಳಗೆ ನೀರಿಗೆ ಭಾರವಿಲ್ಲ. ಆದರೆ ಆ ತುಂಬಿದ ನೀರನ್ನು ಹೊತ್ತುಕೊಂಡು ಕಯಾಕ್ ಮೇಲೆ ಏರುವುದು ಬಹಳ ಕಷ್ಟ, ಮೈಯೂ ತಣ್ಣೀರಿನಲ್ಲೇ ಇರುತ್ತದೆ. ಮೇಲೆ ಬಿಗಿಯಾದ ಡ್ರೈ ಟಾಪ್, ಸೊಂಟಕ್ಕೆ ಬೆಲ್ಟ್ ಹಾಕಿಕೊಂಡು ಹೋಗುವವರಿದ್ದಾರೆ. ಆಳವಿಲ್ಲದ ನೀರಲ್ಲಿ ಅದು ಹೇಗೋ ಸಾಗುತ್ತದೆ, ಸೌಂಡ್ ನಡುವೆ ಅದನ್ನು ನಂಬಬಾರದು.

ಲೈಫ್ ಜಾಕೆಟ್ ಕಯಾಕ್‌ನಲ್ಲಿ ಇಟ್ಟುಕೊಂಡರೆ ಸಾಕು, ಕಾನೂನು ಅಷ್ಟೇ ಹೇಳುತ್ತೆ ಅಂತಾರಲ್ಲ?

ವಾಷಿಂಗ್ಟನ್ ರಾಜ್ಯದ ಕಾನೂನು ಪ್ರಕಾರ ಕಯಾಕ್‌ನಲ್ಲಿ ತಲೆಗೊಂದು ಸರಿಹೊಂದುವ ಲೈಫ್ ಜಾಕೆಟ್ ಇರಬೇಕು. 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು 19 ಅಡಿಗಿಂತ ಸಣ್ಣ ದೋಣಿಗಳಲ್ಲಿ ಅದನ್ನು ಹಾಕಿಕೊಂಡೇ ಇರಬೇಕು. ದೊಡ್ಡವರು ಹಾಕಿಕೊಳ್ಳಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಆದರೆ ಮೊದಲ ನಿಮಿಷದಲ್ಲಿ ಏನಾಗುತ್ತದೆ ಅಂತ ಮೇಲೆ ಓದಿದಿರಲ್ಲ? ಏದುಸಿರು ಬಿಡುತ್ತಾ, ಅಲೆಯಲ್ಲಿ, ಸೀಟಿನ ಹಿಂದೆ ಸಿಕ್ಕಿಸಿದ ಜಾಕೆಟ್ ಎಳೆದು ಬಕಲ್ ಹಾಕುವುದು ಆಗದ ಮಾತು. ನೀರಿಗೆ ಇಳಿಯುವ ಮೊದಲು ಹಾಕಿ, ದಡಕ್ಕೆ ಬಂದ ಮೇಲೆ ತೆಗೆಯಿರಿ.

ಗಾಳಿ ತುಂಬಿಕೊಳ್ಳುವ ತೆಳು ಜಾಕೆಟ್‌ಗಿಂತ ಫೋಮ್ ಜಾಕೆಟ್ ನನಗೆ ಇಷ್ಟ. ಹಗ್ಗ ಎಳೆಯುವ ಕೆಲಸವಿಲ್ಲ, ಎದೆಗೆ ಬೆಚ್ಚಗೆ, ಜೇಬುಗಳೂ ಇರುತ್ತವೆ. ಆ ಜೇಬುಗಳು ಮುಖ್ಯ. ರೇಡಿಯೋ, ಸೀಟಿ, ಚಾಕು, ಲೈಟು ಎಲ್ಲ ಜಾಕೆಟ್‌ನಲ್ಲೇ ಇರಬೇಕು. ಬಿದ್ದಾಗ ನಿಮ್ಮ ಜೊತೆ ಬರುವುದು ಮೈಮೇಲೆ ಇದ್ದದ್ದು ಮಾತ್ರ. ಕಯಾಕ್‌ನ ಡಬ್ಬಿಯಲ್ಲಿ ಇಟ್ಟದ್ದು ಕಯಾಕ್ ಜೊತೆ ಹೋಗುತ್ತದೆ.

ಮಗುಚಿದ ಕಯಾಕ್‌ಗೆ ಮತ್ತೆ ಹತ್ತುವುದು ಹೇಗೆ?

ಮೀನು ಹಿಡಿಯಲು ಹೆಚ್ಚಿನವರು ಬಳಸುವುದು ಸಿಟ್ ಆನ್ ಟಾಪ್, ಅಂದರೆ ಮೇಲೆ ಕೂರುವ ಕಯಾಕ್. ಅದಕ್ಕೆ ಕ್ರಮ ಹೀಗೆ. ಕಯಾಕ್ ತಲೆಕೆಳಗಾಗಿದ್ದರೆ ಮಧ್ಯಕ್ಕೆ ಬನ್ನಿ. ತಳದ ಮೇಲಿಂದ ಕೈ ಚಾಚಿ ಆಚೆ ಬದಿಯ ಹಿಡಿ ಅಥವಾ ಹಗ್ಗ ಹಿಡಿದು, ಮಂಡಿಯನ್ನು ಈಚೆ ಬದಿಗೆ ಒತ್ತಿ ಹಿಂದಕ್ಕೆ ವಾಲಿ. ಕಯಾಕ್ ನೆಟ್ಟಗಾಗುತ್ತದೆ. ಈಗ ಸೀಟಿನ ಪಕ್ಕಕ್ಕೆ ಬನ್ನಿ. ಕಾಲನ್ನು ಹಿಂದೆ ಮೇಲಕ್ಕೆ ತಂದು ನೀರಿನ ಮೇಲೆ ಮಲಗಿದಂತೆ ಜೋರಾಗಿ ಒದೆಯಿರಿ, ಕೈಯಿಂದ ಕಯಾಕನ್ನು ನಿಮ್ಮ ಹೊಟ್ಟೆಯ ಕೆಳಗೆ ಎಳೆದುಕೊಳ್ಳಿ. ಮೇಲಕ್ಕೆ ಏರಲು ಹೋದರೆ ಕಯಾಕ್ ಮತ್ತೆ ಮಗುಚುತ್ತದೆ, ಅಡ್ಡಕ್ಕೆ ಜಾರಬೇಕು. ಹೊಟ್ಟೆ ಸೀಟಿನ ಮೇಲೆ ಬಂದ ಮೇಲೆ ಹೊರಳಿ ಕುಂಡೆ ಊರಿ, ಕೊನೆಗೆ ಕಾಲು ಒಳಗೆ ತನ್ನಿ.

ಓದಲು ಸುಲಭ. ಮಾಡಲು ಅಭ್ಯಾಸ ಬೇಕೇ ಬೇಕು. ಜುಲೈ, ಆಗಸ್ಟ್‌ನಲ್ಲಿ ಸಮಾಮಿಶ್ ಸರೋವರ ಬೆಚ್ಚಗಿರುತ್ತದೆ. ಎದೆಮಟ್ಟದ ನೀರಲ್ಲಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಬೇಕಂತಲೇ ಬೀಳಿ, ಹತ್ತಿ. ಮೀನು ಹಿಡಿಯುವ ದಿನ ಏನು ಹಾಕಿರುತ್ತೀರೋ ಅದನ್ನೇ ಹಾಕಿಕೊಂಡು ಮಾಡಿ. ಜೇಬು ತುಂಬಿದ ಜಾಕೆಟ್ ಹೊಟ್ಟೆಗೆ ಅಡ್ಡ ಬರುತ್ತದೆ, ರಾಡ್ ಹೋಲ್ಡರ್ ತಗಲುತ್ತದೆ. ಇದೆಲ್ಲ ಅಭ್ಯಾಸದಲ್ಲಿ ಗೊತ್ತಾದರೆ ಹೋಲ್ಡರ್ ಜಾಗ ಬದಲಿಸಬಹುದು. ಒಂದು ಬದಿಯನ್ನು ಯಾವಾಗಲೂ ಖಾಲಿ ಇಡಿ, ಹತ್ತಲು ಅದೇ ಬಾಗಿಲು. ತೋಳಿನ ಬಲ ಸಾಲದವರು ಕಾಲಿಡಲು ಪಟ್ಟಿಯ ಕುಣಿಕೆಯೊಂದನ್ನು ಕಟ್ಟಿಕೊಳ್ಳಬಹುದು. ಬೆಚ್ಚನೆ ನೀರಲ್ಲಿ ಹತ್ತಲು ಆಗದವರಿಗೆ ತಣ್ಣೀರಲ್ಲಿ ಖಂಡಿತ ಆಗುವುದಿಲ್ಲ. ಅಂಥವರು ಸೌಂಡ್‌ಗೆ ಇಳಿಯುವುದು ಇನ್ನೂ ತಡ ಮಾಡಬೇಕು.

ಒಳಗೆ ಕೂರುವ ಕಯಾಕ್ ಇದೆ. ಅದರಲ್ಲಿ ಹೋಗಬಹುದಾ?

ಮಗುಚಿದರೆ ಒಳಗೆ ನೀರು ತುಂಬುತ್ತದೆ. ಹಿಂದೆ, ಮುಂದೆ ಗಾಳಿ ಇರುವ ಮುಚ್ಚಿದ ಖಾನೆ ಇಲ್ಲದ ಅಗ್ಗದ ಕಯಾಕ್ ಆದರೆ ಅದನ್ನು ನೀರಿನ ನಡುವೆ ಖಾಲಿ ಮಾಡುವುದು ಒಬ್ಬರಿಗೆ ಸಾಧ್ಯವಿಲ್ಲ. ಅದು ಸಣ್ಣ ಕೆರೆಗೆ ಇರಲಿ. ಸಮುದ್ರಕ್ಕೆಂದೇ ಮಾಡಿದ ಸೀ ಕಯಾಕ್ ಆದರೆ ಪ್ಯಾಡಲ್ ಫ್ಲೋಟ್ (ಹುಟ್ಟಿನ ತುದಿಗೆ ಹಾಕುವ ತೇಲುಚೀಲ), ನೀರು ಹೊರಹಾಕುವ ಪಂಪ್ ಎರಡೂ ಇಟ್ಟುಕೊಂಡು ಅದಕ್ಕೆ ಬೇರೆಯೇ ತರಬೇತಿ ತೆಗೆದುಕೊಳ್ಳಿ.

ಗಾಳಿ, ಸೆಳೆತ ಎಷ್ಟಿದ್ದರೆ ಹೋಗಬಾರದು?

ಕಯಾಕ್‌ನಲ್ಲಿ ಸಾಮಾನ್ಯರು ಹಿಡಿಯುವ ವೇಗ ಮೂರು ನಾಟ್, ಹೆಚ್ಚೆಂದರೆ ನಾಲ್ಕು. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಡಿಸೆಪ್ಷನ್ ಪಾಸ್‌ನ ಸಂದಿಯಲ್ಲಿ ಉಬ್ಬರ ಇಳಿತದ ಸೆಳೆತ 7, 8 ನಾಟ್ ಮುಟ್ಟುತ್ತದೆ. ಟಕೋಮ ನ್ಯಾರೋಸ್‌ನಲ್ಲೂ ಸೆಳೆತ ನಿಮ್ಮ ವೇಗವನ್ನು ಮೀರುತ್ತದೆ. ಅಲ್ಲಿ ಹುಟ್ಟು ಎಷ್ಟು ಹಾಕಿದರೂ ಹಿಂದಕ್ಕೇ. ಆದ್ದರಿಂದ ಟೈಡ್ ಟೇಬಲ್ ಜೊತೆ ಕರೆಂಟ್ ಟೇಬಲ್ ಕೂಡ ನೋಡಿ. ನೀರು ಎಷ್ಟು ಎತ್ತರ ಏರುತ್ತದೆ ಅನ್ನುವುದು ಒಂದು, ಎಷ್ಟು ವೇಗದಲ್ಲಿ ಯಾವ ಕಡೆ ಹರಿಯುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ಅಮೆರಿಕದ ಸಾಗರ, ಹವಾಮಾನ ಸಂಸ್ಥೆ ನೋಆ ಉಚಿತವಾಗಿ ಕೊಡುತ್ತದೆ. ಸೆಳೆತ ನಿಂತು ತಿರುಗುವ ಹೊತ್ತಿನ ಸುತ್ತಮುತ್ತ ಮೀನು ಹಿಡಿಯುವುದು ಸುರಕ್ಷಿತ.

ಗಾಳಿ ಒಂದು ಕಡೆ, ಸೆಳೆತ ಎದುರು ಕಡೆ ಇದ್ದರೆ ಅಲೆ ಕಡಿದಾಗಿ ಏಳುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನಕ್ಕೆ ಬಿಳಿ ನೊರೆಯಾಗುತ್ತದೆ. ಹ್ವಾನ್ ಡೆ ಫೂಕಾ ಜಲಸಂಧಿಯಲ್ಲಿ ಬೇಸಿಗೆ ಮಧ್ಯಾಹ್ನದ ಪಶ್ಚಿಮದ ಗಾಳಿ ಇದಕ್ಕೆ ಹೆಸರುವಾಸಿ. ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಇಲ್ಲಿ ಹವಾಮಾನ ಇಲಾಖೆ ಸ್ಮಾಲ್ ಕ್ರಾಫ್ಟ್ ಅಡ್ವೈಸರಿ, ಅಂದರೆ ಸಣ್ಣ ದೋಣಿಗಳಿಗೆ ಎಚ್ಚರಿಕೆ ಕೊಡುವುದು ಗಾಳಿ 21 ನಾಟ್ ಮುಟ್ಟುವಾಗ. ಕಯಾಕ್‌ಗೆ ಅದಕ್ಕಿಂತ ಬಹಳ ಮೊದಲೇ ಕಷ್ಟ ಶುರುವಾಗಿರುತ್ತದೆ. ಎಚ್ಚರಿಕೆ ಬಂದಿಲ್ಲ ಅಂದರೆ ಪರವಾಗಿಲ್ಲ ಅಂತ ಅರ್ಥವಲ್ಲ. ಹೊಸಬರು 8, 10 ನಾಟ್ ಮುನ್ಸೂಚನೆ ಇದ್ದರೆ ಮನೆಯಲ್ಲೇ ಇರುವುದು ಒಳ್ಳೆಯದು. ಅಲೆಯ ಮೇಲೆ ಬಿಳಿ ನೊರೆ ಕಾಣಲು ಶುರುವಾದರೆ ಮೀನು ಕಚ್ಚುತ್ತಿದ್ದರೂ ಗಾಳ ಎತ್ತಿ ದಡಕ್ಕೆ ಬನ್ನಿ.

ಮೀನು ಸಿಕ್ಕಾಗ ಕಯಾಕ್ ಮಗುಚುವುದಿಲ್ವಾ?

ಮೀನು ಎಳೆದು ಮಗುಚುವುದು ಅಪರೂಪ. ಮಗುಚುವುದು ನಾವು ಅದರ ಕಡೆ ವಾಲಿದಾಗ. ಬಲೆ ಹಿಡಿದ ಕೈ ಚಾಚಿದಂತೆ ತಲೆಯೂ ಅಂಚು ದಾಟಿ ಹೋಗುತ್ತದೆ. ತಲೆ ಕಯಾಕ್ ನಡುವಿನ ಗೆರೆಯ ಮೇಲೆ ಇರುವವರೆಗೆ ಹೆಚ್ಚುಕಡಿಮೆ ಬೀಳುವುದಿಲ್ಲ. ಮೀನನ್ನು ಸುಸ್ತು ಮಾಡಿ ಪಕ್ಕಕ್ಕೆ ತನ್ನಿ, ಉದ್ದ ಹಿಡಿಯ ಬಲೆ ಬಳಸಿ, ಬಲೆಯನ್ನು ಮೈ ಹತ್ತಿರಕ್ಕೆ ಎಳೆಯಿರಿ. ಬಾರ್ಬ್ (ಹಿಮ್ಮುಳ್ಳು) ಇಲ್ಲದ ಕೊಕ್ಕೆ ಮೀನಿನ ಬಾಯಿಂದಲೂ ಸುಲಭವಾಗಿ ಬರುತ್ತದೆ, ನಿಮ್ಮ ಕೈಯಿಂದಲೂ.

ಲಿಂಗ್‌ಕಾಡ್ ಬೇರೆ ಕಥೆ. ಹಲ್ಲು ಚೂಪು, ಕಯಾಕ್ ಒಳಗೆ ಬಂದ ಮೇಲೆ ಹೊರಳಾಡುತ್ತದೆ. ಮಡಿಲಿಗೆ ತರುವ ಮೊದಲೇ ನೀರಿನ ಪಕ್ಕದಲ್ಲೇ ತಲೆಗೆ ಹೊಡೆದು ಸುಮ್ಮನಾಗಿಸಿ.

ಹಗ್ಗ, ದಾರದ ಬಗ್ಗೆ ನನಗೆ ಮೀನಿಗಿಂತ ಹೆಚ್ಚು ಚಿಂತೆ. ರಾಡ್‌ಗೊಂದು, ಹುಟ್ಟಿಗೊಂದು, ಬಲೆಗೊಂದು ಲೀಶ್ (ಕೈತಪ್ಪಿ ಹೋಗದಂತೆ ಕಟ್ಟುವ ದಾರ) ಕಟ್ಟಿಕೊಂಡರೆ ಬಿದ್ದಾಗ ಎಲ್ಲವೂ ಕಾಲಿಗೆ ಸುತ್ತಿಕೊಳ್ಳುತ್ತದೆ. ಹುಟ್ಟಿಗೆ ಲೀಶ್ ಬೇಕು, ಉಳಿದದ್ದಕ್ಕೆ ಯೋಚಿಸಿ ಕಟ್ಟಿ. ಒಂದೇ ಕೈಯಲ್ಲಿ ತೆಗೆಯಲು ಬರುವ ಚಾಕು ಎದೆ ಮೇಲೆ ಇರಲಿ. ಲಂಗರನ್ನು ಎಂದೂ ಪಕ್ಕಕ್ಕೆ ಕಟ್ಟಬೇಡಿ, ಸೆಳೆತ ಕಯಾಕನ್ನು ಅಡ್ಡ ತಿರುಗಿಸಿ ಮುಳುಗಿಸುತ್ತದೆ. ಮುಂದಿನ ಅಥವಾ ಹಿಂದಿನ ತುದಿಯಿಂದಲೇ ಹಿಡಿಯಬೇಕು, ತಕ್ಷಣ ಕಳಚಲು ಬರಬೇಕು. ಡಂಜನೆಸ್ ಏಡಿಯ ಬೋನು ಎತ್ತುವುದಕ್ಕೂ ಇದೇ ಮಾತು. ಸೆಳೆತ ನಿಂತ ಹೊತ್ತಿನಲ್ಲಿ ಎತ್ತಿ, ಹಗ್ಗವನ್ನು ಮಡಿಲಲ್ಲಿ ರಾಶಿ ಹಾಕದೆ ಬಕೆಟ್‌ಗೆ ತುಂಬಿ.

ಮೊಬೈಲ್ ಇದೆಯಲ್ಲ, ರೇಡಿಯೋ ಯಾಕೆ?

ಒದ್ದೆ ಬೆರಳಿಗೆ, ಮರಗಟ್ಟಿದ ಬೆರಳಿಗೆ ಮೊಬೈಲ್ ಪರದೆ ಸ್ಪಂದಿಸುವುದಿಲ್ಲ. ಸಿಗ್ನಲ್ ಕೂಡ ಎಲ್ಲ ಕಡೆ ಇಲ್ಲ. ಮೊಬೈಲನ್ನು ನೀರು ಹೋಗದ ಚೀಲದಲ್ಲಿ ಮೈಮೇಲೆ ಇಟ್ಟುಕೊಳ್ಳಿ, 911ಕ್ಕೆ ಕರೆ ಮಾಡಬಹುದು. ಆದರೆ ಮೊದಲ ಆಸರೆ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಮರೀನ್ ರೇಡಿಯೋ ಆಗಲಿ. ಚಾನೆಲ್ 16ರಲ್ಲಿ ಮಾತಾಡಿದರೆ ಅಮೆರಿಕದ ಕೋಸ್ಟ್ ಗಾರ್ಡ್ ಜೊತೆಗೆ ಸುತ್ತಮುತ್ತಲಿನ ದೋಣಿಗಳಿಗೂ ಕೇಳುತ್ತದೆ. ಎಷ್ಟೋ ಸಲ ಮೊದಲು ಬರುವುದು ಆ ಪಕ್ಕದ ದೋಣಿಯವರೇ. ಡಿಎಸ್‌ಸಿ (ಗುಂಡಿ ಒತ್ತಿದರೆ ತಾನೇ ತುರ್ತು ಸಂದೇಶ ಕಳಿಸುವ ವ್ಯವಸ್ಥೆ) ಮತ್ತು ಜಿಪಿಎಸ್ ಇರುವ ರೇಡಿಯೋ ಕೊಂಡರೆ ಕೆಂಪು ಗುಂಡಿ ಒತ್ತಿದಾಗ ನೀವಿರುವ ಜಾಗವೂ ಹೋಗುತ್ತದೆ. ಅದಕ್ಕೆ ಎಂಎಂಎಸ್‌ಐ ಅನ್ನುವ ರೇಡಿಯೋ ಗುರುತಿನ ನಂಬರನ್ನು ಮೊದಲೇ ನೋಂದಾಯಿಸಿ ಹಾಕಿರಬೇಕು.

ಹೇಳಬೇಕಾದದ್ದು: "ಮೇಡೇ, ಮೇಡೇ, ಮೇಡೇ", ಕಯಾಕ್ ಅಂತ, ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ. ಇದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಕಯಾಕ್‌ನಲ್ಲಿ ನಾವು ನೀರಿನ ಮಟ್ಟದಲ್ಲೇ ಇರುವುದರಿಂದ ಈ ರೇಡಿಯೋ ಕೆಲವೇ ಮೈಲಿ ಮುಟ್ಟುತ್ತದೆ. ದೂರದ ಜಾಗಕ್ಕೆ ಹೋಗುವವರು 406 ಮೆಗಾಹರ್ಟ್ಸ್‌ನ ಪಿಎಲ್‌ಬಿ, ಅಂದರೆ ಮೈಮೇಲೆ ಇಟ್ಟುಕೊಳ್ಳುವ ತುರ್ತು ಸಂಕೇತದ ಸಾಧನ ಇಟ್ಟುಕೊಳ್ಳಲಿ. ಅದು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತದೆ. ನೋಆದಲ್ಲಿ ನೋಂದಣಿ ಉಚಿತ.

ಫೆರಿ, ದೊಡ್ಡ ಹಡಗು ಬಂದರೆ?

ಅವು ನಮ್ಮನ್ನು ನೋಡಿರುವುದಿಲ್ಲ ಅಂತಲೇ ತಿಳಿಯಿರಿ. ಕಂಟೇನರ್ ಹಡಗು ಬ್ರೇಕ್ ಹಾಕಿದ ಹಾಗೆ ನಿಲ್ಲುವುದಿಲ್ಲ, ಒಂದು ಮೈಲಿಗೂ ಹೆಚ್ಚು ಬೇಕು. ಎಡ್ಮಂಡ್ಸ್, ಮಕಿಲ್ಟಿಯೋ ಫೆರಿ ದಾರಿಯ ಹತ್ತಿರ ಗಾಳ ಹಾಕುವವರು ಫೆರಿಯ ಸಮಯ ತಿಳಿದುಕೊಂಡಿರಬೇಕು. ಹಡಗು ದಾಟಿ ಹೋದ ಎಷ್ಟೋ ಹೊತ್ತಿನ ಮೇಲೆ ಅದರ ಅಲೆ ಬರುತ್ತದೆ. ಆಗ ಕಯಾಕ್ ಮೂತಿಯನ್ನು ಅಲೆಯ ಕಡೆ ತಿರುಗಿಸಿ. ಕಿತ್ತಳೆ, ಹಳದಿ ಬಣ್ಣದ ಜಾಕೆಟ್, ಎತ್ತರದ ಕೋಲಿಗೆ ಬಾವುಟ, ನಸುಕಿನಲ್ಲಿ ಹೋಗುವವರಿಗೆ ಬಿಳಿ ಲೈಟು ಬೇಕೇ ಬೇಕು.

ಒಬ್ಬನೇ ಹೋಗಬಹುದಾ?

ಹೋಗುವವರಿದ್ದಾರೆ. ನಾನು ಹೊಸಬರಿಗೆ ಬೇಡ ಅನ್ನುತ್ತೇನೆ. ಜೊತೆಗೊಬ್ಬರು ಇದ್ದರೆ ನಿಮ್ಮ ಕಯಾಕ್ ಹಿಡಿದುಕೊಳ್ಳಲು, ಹತ್ತಿಸಲು, ರೇಡಿಯೋ ಮಾಡಲು ಒಂದು ಜೊತೆ ಬೆಚ್ಚನೆ ಕೈ ಇರುತ್ತದೆ. ಆದರೆ ಜೊತೆ ಅಂದರೆ ಕೂಗಿದರೆ ಕೇಳುವಷ್ಟು ಹತ್ತಿರ. ಅರ್ಧ ಮೈಲಿ ದೂರದಲ್ಲಿ ಅವರವರ ಮೀನು ಹಿಡಿಯುತ್ತಿದ್ದರೆ ಇಬ್ಬರೂ ಒಬ್ಬಂಟಿಗಳೇ.

ಯಾರ ಜೊತೆ ಹೋದರೂ ಮನೆಯಲ್ಲಿ ಬರೆದಿಟ್ಟು ಹೋಗಿ: ಎಲ್ಲಿ ಇಳಿಯುವುದು, ಕಾರು ಎಲ್ಲಿ, ಕಯಾಕ್ ಬಣ್ಣ ಯಾವುದು, ಎಷ್ಟು ಗಂಟೆಗೆ ವಾಪಸ್, ಎಷ್ಟು ಗಂಟೆ ದಾಟಿದರೆ 911ಕ್ಕೆ ಫೋನ್ ಮಾಡಬೇಕು. ಆ ಕೊನೆಯ ಗಂಟೆ ಬರೆದಿರದಿದ್ದರೆ ಮನೆಯವರು "ಇನ್ನೇನು ಬರ್ತಾರೆ" ಅಂತ ಕಾಯುತ್ತಲೇ ಇರುತ್ತಾರೆ. ದಡ ಮುಟ್ಟಿದ ಕೂಡಲೇ ಒಂದು ಮೆಸೇಜ್ ಹಾಕಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರನ್ನು, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಸೌಂಡ್‌ಗೆ ಬೇಡ. ಕೋಲ್ಡ್ ಶಾಕ್‌ನಲ್ಲಿ ರಕ್ತದೊತ್ತಡ, ಎದೆ ಬಡಿತ ಒಮ್ಮೆಲೇ ಏರುತ್ತದೆ. ಬಿಪಿ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಇದು ದೊಡ್ಡ ಅಪಾಯ. ನಮ್ಮ ಹಿರಿಯರಲ್ಲಿ ಬಹಳ ಜನಕ್ಕೆ ಎರಡರಲ್ಲಿ ಒಂದು ಇದ್ದೇ ಇರುತ್ತದೆ ಅಲ್ವಾ. ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ಅವರಿಗೆ ಆಗಸ್ಟ್‌ನ ಬೆಚ್ಚನೆ ಸರೋವರ, ಗಾಳಿ ಇಲ್ಲದ ಬೆಳಿಗ್ಗೆ, ದಡದ ಪಕ್ಕ, ಎಲ್ಲರಿಗೂ ಜಾಕೆಟ್. ಸಾಲ್ಮನ್ ತೋರಿಸಬೇಕೆಂದರೆ ಮೀನು ಹಿಡಿಯುವ ಕಟ್ಟೆಗಳಿವೆ, ಎಡ್ಮಂಡ್ಸ್‌ನಲ್ಲೇ ಒಂದಿದೆ. ಅಲ್ಲಿ ನಿಂತು ಆರಾಮಾಗಿ ಗಾಳ ಹಾಕಬಹುದು.

ಡ್ರೈಸೂಟ್ ಹಾಕಿದ ಮೇಲೆ ಮೂತ್ರಕ್ಕೆ ಏನು ಮಾಡುವುದು?

ಕೇಳಲು ಸಂಕೋಚ ಪಟ್ಟು ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದು ತಪ್ಪು, ನೀರು ಕಡಿಮೆಯಾದರೆ ಮೈ ಬೇಗ ಸೋಲುತ್ತದೆ. ಚಳಿಯಲ್ಲಿ ಮೂತ್ರವೂ ಜಾಸ್ತಿ ಬರುತ್ತದೆ. ಗಂಡಸರ ಸೂಟಿನಲ್ಲಿ ಮುಂದೆ, ಹೆಂಗಸರ ಸೂಟಿನಲ್ಲಿ ಹಿಂದೆ ಜಿಪ್ ಇರುವ ನಮೂನೆ ಸಿಗುತ್ತದೆ, ಕೊಳ್ಳುವಾಗಲೇ ಅದನ್ನು ನೋಡಿ ಕೊಳ್ಳಿ. ದಡಕ್ಕೆ ಬಂದು ಹೋಗಿ, ಕಯಾಕ್ ಮೇಲೆ ಎದ್ದು ನಿಲ್ಲಬೇಡಿ. ಹೋದ ಮೇಲೆ ಜಿಪ್ ಮುಚ್ಚಿದ್ದೀರಾ ಅಂತ ಎರಡು ಸಲ ನೋಡಿ.

ಚಳಿಗೆ ಒಂದು ಬಿಯರ್, ಒಂದು ಪೆಗ್?

ಬೇಡ. ಬೆಚ್ಚಗಾದಂತೆ ಅನಿಸುತ್ತದೆ ಅಷ್ಟೇ, ಮೈಯ ಬಿಸಿ ಇನ್ನೂ ಬೇಗ ಹೋಗುತ್ತದೆ, ಸಮತೋಲವೂ ತಪ್ಪುತ್ತದೆ. ಫ್ಲಾಸ್ಕ್‌ನಲ್ಲಿ ಸಿಹಿ ಟೀ, ಜೇಬಲ್ಲಿ ಕಡಲೆ ಚಿಕ್ಕಿ ಇರಲಿ.

ನೀರಿಂದ ತೆಗೆದವರನ್ನು ಹೇಗೆ ನೋಡಿಕೊಳ್ಳಬೇಕು?

ನಡುಗುತ್ತಿದ್ದಾರೆ, ಸರಿಯಾಗಿ ಮಾತಾಡುತ್ತಿದ್ದಾರೆ ಅಂದರೆ ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ, ಕಂಬಳಿ ಹೊದಿಸಿ, ಬಿಸಿ ಸಿಹಿ ಪಾನೀಯ ಕೊಡಿ. ನಡುಕ ಒಳ್ಳೆಯ ಸೂಚನೆ, ಮೈ ತಾನೇ ಬಿಸಿ ಮಾಡಿಕೊಳ್ಳುತ್ತಿದೆ. ಆದರೂ ಕೂಡಲೇ ಓಡಾಡಿಸಬೇಡಿ, ಅರ್ಧ ಗಂಟೆಯಾದರೂ ಕೂರಲಿ ಅಥವಾ ಮಲಗಲಿ.

ನಡುಕ ನಿಂತುಹೋಗಿದೆ, ಮಾತು ತೊದಲುತ್ತಿದೆ, ಗೊಂದಲದಲ್ಲಿದ್ದಾರೆ ಅಂದರೆ ಪರಿಸ್ಥಿತಿ ಗಂಭೀರ. 911ಕ್ಕೆ ಕರೆ ಮಾಡಿ. ಮಲಗಿಸಿಯೇ ಇಡಿ, ಮೆಲ್ಲಗೆ ಮುಟ್ಟಿ, ಎಬ್ಬಿಸಿ ನಡೆಸಬೇಡಿ. ತಣ್ಣಗಾದ ಹೃದಯ ಒರಟಾಗಿ ಎಳೆದಾಡಿದರೆ ಲಯ ತಪ್ಪಬಹುದು. ಒದ್ದೆ ಬಟ್ಟೆಯನ್ನು ಕತ್ತರಿಸಿ ತೆಗೆಯಿರಿ. ಬಿಸಿ ನೀರಿನ ಬಾಟಲ್, ಹೀಟ್ ಪ್ಯಾಕ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ ಇಡಿ. ಕೈಕಾಲು ತಿಕ್ಕಬೇಡಿ, ಬಿಸಿನೀರಿನ ಸ್ನಾನ ಬೇಡ. ನುಂಗಲು ಎಚ್ಚರವಿಲ್ಲದವರ ಬಾಯಿಗೆ ಏನೂ ಹಾಕಬೇಡಿ. ಉಸಿರಿಲ್ಲದಿದ್ದರೆ ಸಿಪಿಆರ್ ಶುರು ಮಾಡಿ, ಸಹಾಯ ಬರುವವರೆಗೆ ನಿಲ್ಲಿಸಬೇಡಿ. 1999ರಲ್ಲಿ ನಾರ್ವೆಯಲ್ಲಿ ಆನಾ ಬೋಗೆನ್‌ಹೋಮ್ ಎಂಬ ವೈದ್ಯೆ ಮಂಜುಗಡ್ಡೆ ಕೆಳಗಿನ ನೀರಲ್ಲಿ ಸಿಕ್ಕಿಕೊಂಡರು. ಮೈಯ ಬಿಸಿ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಆದರೂ ಬದುಕಿ ಮತ್ತೆ ಕೆಲಸಕ್ಕೆ ಮರಳಿದರು. ಮುಟ್ಟಿದರೆ ತಣ್ಣಗಿದ್ದಾರೆ ಅಂತ ಕೈಬಿಡುವಂತಿಲ್ಲ.

ಕಯಾಕ್ ಮೇಲೆ ಹೆಸರು ಬರೆಯಬೇಕಾ?

ಬರೆಯಿರಿ. ಹೆಸರು, ನಿಮ್ಮ ಫೋನ್ ನಂಬರ್, ಜೊತೆಗೆ ಮನೆಯವರೊಬ್ಬರ ನಂಬರ್. ಇದಕ್ಕೆಂದೇ ಕೋಸ್ಟ್ ಗಾರ್ಡ್ ಅಂಟಿಸುವ ಸ್ಟಿಕರ್ ಕೊಡುತ್ತದೆ. ಖಾಲಿ ಕಯಾಕ್ ತೇಲುತ್ತಿರುವುದು ಕಂಡರೆ ಅವರು ಯಾರೋ ನೀರಲ್ಲಿದ್ದಾರೆ ಅಂತಲೇ ಹುಡುಕಲು ಹೊರಡುತ್ತಾರೆ. ನಂಬರ್ ಇದ್ದರೆ ಒಂದು ಫೋನ್‌ನಲ್ಲಿ ಗೊತ್ತಾಗುತ್ತದೆ: ನೀವು ಮನೆಯಲ್ಲಿದ್ದೀರಾ, ಹುಡುಕಬೇಕಾ ಅಂತ. ದಡದಲ್ಲಿ ಕಟ್ಟಿದ್ದ ಕಯಾಕ್ ಉಬ್ಬರಕ್ಕೆ ತೇಲಿ ಹೋದರೂ, ನೀವು ಹತ್ತಿ ಬಂದು ಕಯಾಕ್ ಮಾತ್ರ ಕಳೆದುಹೋದರೂ ಕೋಸ್ಟ್ ಗಾರ್ಡ್‌ಗೆ ನೀವೇ ಫೋನ್ ಮಾಡಿ ತಿಳಿಸಿ.